ಕುರಿ ಹತ್ತದ ಗುಡ್ಡ

ಶಾಲೆಗೆ ದಸರೆಯ ರಜೆ ಬಿಟ್ಟ ಮರುದಿನ ಬೆಳಿಗ್ಗೆ ಆರು ಗಂಟೆಯ ಬಸ್ಸಿಗೆ ನಾನು ಇಂಡಿ ಬಿಟ್ಟೆ. ಕೈಚೀಲದಲ್ಲಿ ಎರಡು ಸೀರೆ, ನಾಲ್ಕು ದಿನಕ್ಕಾಗುವಷ್ಟು ಕಟಕ ರೊಟ್ಟಿ, ನೆಂಚಿಕೊಳ್ಳಲು ಶೇಂಗಾ ಹಿಂಡಿ; ಬಗಲಲ್ಲಿ ಎರಡು ಹಲಗೆಗಳ ನಡುವೆ ಹಗ್ಗದಿಂದ ಬಿಗಿದ ಹಳೆಯ ಪತ್ರಿಕೆಗಳ ಕಟ್ಟು. ಕಿತ್ತ ಗಿಡಗಳನ್ನು ಒತ್ತಿ ಒಣಗಿಸಲು ಆ ಕಟ್ಟು ಬೇಕೇ ಬೇಕು. ಬಾಗಿಲ ತನಕ ಬಂದ ಅವ್ವ, "ಹೂ ನೋಡಾಕ ಹೋಗ್ಯಾಳಂದ್ರ ಮಂದಿ ನಗ್ತಾರ. ಗೆಳತಿ ಮನಿಗೆ ಹೋಗ್ಯಾಳಂತ ಹೇಳ್ತೇನಿ" ಎಂದಳು. ಹಾಗೆಯೇ ಹೇಳು ಎಂದು ನಾನು ಹೊರಟೆ.

ಇಂಡಿಯ ಹೆಣ್ಣುಮಕ್ಕಳ ಶಾಲೆಯಲ್ಲಿ ನಾನು ವಿಜ್ಞಾನ ಕಲಿಸಲು ಹತ್ತಿ ಹದಿನಾಲ್ಕು ವರ್ಷವಾಗಿತ್ತು. ಮದುವೆಯಾಗಿರಲಿಲ್ಲ. ಮನೆಯಲ್ಲಿ ಅವ್ವ ಮತ್ತು ನಾನು, ಟ್ರಂಕಿನಲ್ಲಿ ನೂರಾರು ಒಣಗಿದ ಗಿಡಗಳು. ಇದನ್ನು ಬಲ್ಲ ನನ್ನ ಸಹಶಿಕ್ಷಕಿ ಶಾಂತಾ, ಗಣೇಶನ ಹಬ್ಬಕ್ಕೆ ತವರಿಗೆ ಹೋದವಳು, ಒದ್ದೆ ಬಟ್ಟೆಯಲ್ಲಿ ಸುತ್ತಿದ ಒಂದು ಹಿಡಿ ಹೂ ತಂದುಕೊಟ್ಟಿದ್ದಳು. ಅವಳ ತವರು ಬಸವನ ಬಾಗೇವಾಡಿ ಹತ್ತಿರದ ಇಂಗಳೇಶ್ವರ. ಏಳು ಬಗೆಯ ಹೂಗಳಿದ್ದವು. ಅವುಗಳಲ್ಲಿ ಎರಡರ ಹೆಸರು ನನಗೆ ತಿಳಿಯಲಿಲ್ಲ.

"ನಮ್ಮೂರ ಗುಡ್ಡದ ಹೂ ಇವು. ಈ ವರ್ಷ ನೆತ್ತಿ ತುಂಬ ಬಂದಾವು. ನಾ ಹುಟ್ಟಿದಾಗಿಂದ ಇಷ್ಟು ನೋಡಿದ್ದಿಲ್ಲ" ಎಂದಿದ್ದಳು ಶಾಂತಾ.

"ಈ ವರ್ಷನಽ ಯಾಕ? ಮಳಿ ಏನೂ ಹೆಚ್ಚಾಗಿಲ್ಲಲ್ಲ?"

"ಮಳಿಯಿಂದಲ್ಲ. ಅಲ್ಲಿ ಈಗ ಕುರಿ ಹತ್ತಂಗಿಲ್ಲ. ಯಾಕಂತ ನನಗೂ ಸರಿಯಾಗಿ ಗೊತ್ತಿಲ್ಲ."

ಆ ಮಾತು ನನ್ನ ತಲೆಯಲ್ಲಿ ಕುಳಿತುಬಿಟ್ಟಿತು. ಕುರಿಗಾರರೇ ತುಂಬಿರುವ ಊರಿನ ಗುಡ್ಡಕ್ಕೆ ಕುರಿ ಹತ್ತುವುದಿಲ್ಲವೆಂದರೆ ಏನಾದರೂ ನಡೆದಿರಬೇಕು. ರಜೆಯಲ್ಲಿ ಶಾಂತಾ ಗಂಡನ ಊರಾದ ಸಿಂದಗಿಗೆ ಹೋಗುವವಳಿದ್ದಳು. ಗುಡ್ಡದ ಬುಡದಲ್ಲಿರುವ ಮಾಳಪ್ಪನೆಂಬ ಹಿರಿಯ ಕುರಿಗಾರನ ಮನೆಗೆ ಹೋಗಿ ಇಳಿಯಲು ಹೇಳಿ, ಅವನಿಗೆ ಮೊದಲೇ ಸುದ್ದಿ ಮುಟ್ಟಿಸಿದ್ದಳು.

ವಿಜಾಪುರ ತಲುಪಿದಾಗ ಎಂಟೂಕಾಲು. ಬಾಗೇವಾಡಿಯ ಬಸ್ಸಿಗೆ ಒಂದೂವರೆ ತಾಸು ಕಾಯಬೇಕಾಯಿತು. ಟಿಕೆಟ್ಟಿಗೆ ಎರಡು ರೂಪಾಯಿಗೆ ನಾಲ್ಕಾಣೆ ಕಡಿಮೆ. ಕಿಟಕಿಯ ಪಕ್ಕದಲ್ಲಿ ಜಾಗ ಸಿಕ್ಕಿತು. ಊರು ದಾಟಿದ ಮೇಲೆ ಎರಡೂ ಕಡೆ ಎರೆಹೊಲಗಳು ಕಪ್ಪಗೆ, ಹಸಿಯಾಗಿ, ಹಿಂಗಾರಿ ಜೋಳದ ಬಿತ್ತನೆಗೆ ಸಿದ್ಧವಾಗಿದ್ದವು. ಅಲ್ಲಲ್ಲಿ ಸಜ್ಜೆಯ ತೆನೆ ಮುರಿಯುತ್ತಿದ್ದರು. ತೊಗರಿ ಇನ್ನೂ ಮೊಗ್ಗಾಗಿರಲಿಲ್ಲ. ಪಕ್ಕದಲ್ಲಿ ಕುಳಿತ ರೈತರೊಬ್ಬರು ನನ್ನ ಹಲಗೆಯ ಕಟ್ಟನ್ನು ಬಹಳ ಹೊತ್ತು ನೋಡಿ, "ಯಾವ ದೇವರಿಗೆ ಹೊಂಟೀರಿ, ಬಾಯಾರ?" ಎಂದು ಕೇಳಿದರು.

"ದೇವರಿಗಲ್ರಿ, ಇಂಗಳೇಶ್ವರ ಗುಡ್ಡಕ್ಕ. ಹೂ ನೋಡಾಕ."

ಅವರು ಸ್ವಲ್ಪ ಯೋಚಿಸಿದರು. "ವಿಜಾಪುರ ಪ್ಯಾಟ್ಯಾಗ ಸಿಗಲಿಲ್ಲೇನ್ರಿ?" ಎಂದರು. ಹಾಸ್ಯಕ್ಕೆ ಕೇಳಿದ್ದಲ್ಲ. ಪೇಟೆಯಲ್ಲಿ ಸಿಗದ ಹೂ ಹೇಗಿರುತ್ತದೆಂದು ನಾನು ಹೇಳುತ್ತ ಹೋದೆ, ಅವರು ಬಾಗೇವಾಡಿಯವರೆಗೆ ಕೇಳುತ್ತ ಬಂದರು. ಇಳಿಯುವಾಗ, "ನಮ್ಮ ಹೊಲದ ಬದುವಿನ್ಯಾಗೂ ಏನೇನೋ ಅರಳಿರ್ತಾವು. ಇನ್ನ ನೋಡಬೇಕಾತು" ಎಂದರು.

ಬಾಗೇವಾಡಿಯಲ್ಲಿ ಹನ್ನೊಂದರ ಬಸ್ಸು ಆಗಲೇ ಹೋಗಿತ್ತು, ಮುಂದಿನದು ನಾಲ್ಕಕ್ಕೆ. ಬಿಸಿಲು ಚುರುಗುಟ್ಟುತ್ತಿತ್ತು. ನಿಲ್ದಾಣದ ಎದುರಿನ ಅಂಗಡಿಯಲ್ಲಿ ಮಿರ್ಚಿ ಭಜಿ ತಿಂದು, ಚಹಾ ಕುಡಿದು, ಬೇವಿನ ನೆರಳಲ್ಲಿ ಸೇವಂತಿಗೆ ಮಾರುತ್ತಿದ್ದ ಮುದುಕಿಯ ಪಕ್ಕದಲ್ಲಿ ಕುಳಿತೆ. ಮಾತಿಗೆ ಮಾತು ಬಂದು ಗುಡ್ಡದ ಹೂವಿನ ಸುದ್ದಿ ತೆಗೆದೆ. ಆಕೆ ಹೂವಿನ ಮೇಲೆ ನೀರು ಚಿಮುಕಿಸುವುದನ್ನು ನಿಲ್ಲಿಸಿದಳು.

"ಅಲ್ಲಿ ನೇರಳಿ ಬಣ್ಣದ್ದು ಒಂದೈತಂತ. ಅದನ್ನ ಮುಟ್ಟಬ್ಯಾಡವಾ. ತಿಂದ ಕುರಿ ಸಂಜಿಮುಂದ ಸತ್ತಾವು. 'ಕುರಿಮಾರಿ' ಅಂತಾರ ಅದಕ್ಕ."

ನನಗೆ ತಿಳಿಯದ ಎರಡು ಹೂಗಳಲ್ಲಿ ಒಂದು ನೇರಳೆ ಬಣ್ಣದ್ದೇ ಆಗಿತ್ತು. ಅದನ್ನು ನಾನು ಬರಿಗೈಯಲ್ಲಿ ಬಿಡಿಸಿ, ದಳ ಎಣಿಸಿ, ಮೂಸಿ ನೋಡಿದ್ದೆ. ಮೂರು ವಾರವಾಗಿತ್ತು, ನನಗೇನೂ ಆಗಿರಲಿಲ್ಲ.

ಇಂಗಳೇಶ್ವರ ಮುಟ್ಟಿದಾಗ ಐದು ಗಂಟೆ. ಬಸ್ಸಿನಿಂದ ಇಳಿಯುತ್ತಲೇ ಗುಡ್ಡ ಕಂಡಿತು. ಊರಿನ ಹಿಂದೆ, ಪೂರ್ವ ಪಶ್ಚಿಮವಾಗಿ, ಕಪ್ಪು ಬಂಡೆಗಳ ಉದ್ದನೆಯ ಏಣು. ಸಹ್ಯಾದ್ರಿ ಕಂಡವರು ಇದನ್ನು ಗುಡ್ಡವೆಂದು ಕರೆಯಲಿಕ್ಕೂ ಒಪ್ಪಲಾರರೇನೋ. ಆದರೆ ಹುಟ್ಟಿದಾಗಿನಿಂದ ಚಾಪೆ ಹಾಸಿದಂಥ ಬಯಲನ್ನೇ ನೋಡಿದ ನಮ್ಮಂಥವರಿಗೆ ಅದೇ ದೊಡ್ಡ ಪರ್ವತ. ಇಳಿಬಿಸಿಲಿನಲ್ಲಿ ಅದರ ನೆತ್ತಿಯ ಗೆರೆ ಹಳದಿಯಾಗಿ ಕಾಣುತ್ತಿತ್ತು. ಬಿಸಿಲ ಬಣ್ಣವೋ ಹೂವಿನ ಬಣ್ಣವೋ ಅಷ್ಟು ದೂರದಿಂದ ತಿಳಿಯಲಿಲ್ಲ.

ಮಾಳಪ್ಪನಿಗೆ ಅರವತ್ತೈದು ದಾಟಿರಬೇಕು. ಮಂಡಿಗೆ ಎಕ್ಕೆ ಎಲೆ ಬಿಸಿಮಾಡಿ ಇಟ್ಟು ಬಟ್ಟೆ ಸುತ್ತಿಕೊಂಡು ಕಟ್ಟೆಯ ಮೇಲೆ ಕುಳಿತಿದ್ದ. "ಬರ್ರಿ ಅಕ್ಕಾರ, ಬರ್ರಿ" ಎಂದು ಎದ್ದು ನಿಲ್ಲಲು ಹೋಗಿ ಮತ್ತೆ ಕುಳಿತ. ಅವನ ಸೊಸೆ ಲಕ್ಕವ್ವ ನೀರು ತಂದುಕೊಟ್ಟಳು. ಇಪ್ಪತ್ತರ ಆಸುಪಾಸಿನ ಹೆಣ್ಣುಮಗಳು, ಮಾತು ಕಡಿಮೆ. ಹಟ್ಟಿಯಲ್ಲಿ ಮೂವತ್ತರಷ್ಟು ಕುರಿ, ಮರಿಗಳಿದ್ದವು. ದೊಡ್ಡ ಹಿಂಡು ಎಲ್ಲಿ ಎಂದು ಕೇಳಿದೆ.

"ಮಗ ಬೀರಪ್ಪ ಹೊಡಕೊಂಡು ನಿಡಗುಂದಿ ಕಡೆ ಹೊಳಿದಂಡಿಗೆ ಹೋಗ್ಯಾನ್ರಿ. ಮೂರು ತಿಂಗಳಾತು. ಇಲ್ಲಿ ಮೇವೆಲ್ಲೈತಿ?" ಎಂದ ಮಾಳಪ್ಪ. ಹೀಗೆನ್ನುವಾಗ ಅವನ ಬೆನ್ನ ಹಿಂದೆ, ಸಂಜೆಯ ಬೆಳಕಿನಲ್ಲಿ, ಗುಡ್ಡವೆಲ್ಲ ಹುಲ್ಲಾಗಿ ನಿಂತಿತ್ತು.

ಆ ಸಂಗತಿಯನ್ನು ಅವನೇ ಹೇಳಿದ. ಹಿಂದಿನ ವರ್ಷ ದೀಪಾವಳಿಗೆ ನಾಲ್ಕು ದಿನ ಮುಂಚೆ ಹಿಂಡು ಕಾಯಲು ಲಕ್ಕವ್ವ ಹೋಗಿದ್ದಳಂತೆ. ಆಗಿನ್ನೂ ಮದುವೆಯಾಗಿ ಬಂದು ಐದು ತಿಂಗಳು. ಹೊತ್ತು ಮುಳುಗುವುದರೊಳಗೆ ಐದು ಕುರಿ ಬಾಯಲ್ಲಿ ನೊರೆ ಕಾರಿ ಬಿದ್ದವು. ಗುಡ್ಡದ ಮೇಲೆ ನೇರಳೆ ಹೂ ತಿಂದವೆಂದು ಆಕೆ ಹೇಳಿದಳು. ಮಾಳಪ್ಪ ಮರುದಿನವೇ ಊರಿನ ಕುರಿಗಾರರಿಗೆಲ್ಲ ಸುದ್ದಿ ಮುಟ್ಟಿಸಿದ. ಅಂದಿನಿಂದ ಊರಿನ ಒಂದು ಕುರಿಯೂ ಮೇಲೆ ಹತ್ತಲಿಲ್ಲ.

"ನೀವು ಸಾಲಿ ಕಲಿಸಾವರು. ನೋಡ್ಕೊಂಡು ಬಂದು ಹೇಳ್ರಿ, ಅದ್ಯಾವ ಹೂ ಅಂತ" ಎಂದ ಅವನು. ಒಳಗೆ ರೊಟ್ಟಿ ಬಡಿಯುತ್ತಿದ್ದ ಲಕ್ಕವ್ವನ ಕೈಸಪ್ಪಳ ಒಂದು ಗಳಿಗೆ ನಿಂತು ಮತ್ತೆ ಶುರುವಾಯಿತು.

ಮರುದಿನ ಬೆಳಿಗ್ಗೆ ಏಳಕ್ಕೆ ನಾನೂ ಲಕ್ಕವ್ವನೂ ಹೊರಟೆವು. ಮಾಳಪ್ಪನಿಗೆ ಮಂಡಿನೋವು, ಆದ್ದರಿಂದ ದಾರಿ ತೋರಿಸಲು ಆಕೆಯೇ ಬಂದಳು. ಬುಡದಲ್ಲಿ ತಂಗಡಿ ಪೊದೆಗಳು ಮೈತುಂಬ ಹಳದಿ ಹೂ ಹೊತ್ತಿದ್ದವು. ಊರಿಂದ ಹಳದಿಯಾಗಿ ಕಂಡ ನೆತ್ತಿಯೂ ತಂಗಡಿಯೇ ಇರಬಹುದೆಂದುಕೊಂಡೆ. ಮೇಲೇರಿದಂತೆ ಗರಸು ನೆಲ, ಸಡಿಲ ಕಲ್ಲು. ಕಲ್ಲಿನ ಸಂದಿಯಲ್ಲಿ ಬಿಳಿಯ ತುಂಬೆ, ನೆಲಕ್ಕೆ ಅಂಟಿದ ನೀಲಿಯ ವಿಷ್ಣುಕ್ರಾಂತಿ, ಒಂದು ಕಡೆ ಮುಳ್ಳುಕಂಟಿಯ ಮೇಲೆ ಹಬ್ಬಿ ಉರಿಯುತ್ತಿದ್ದ ಕೆಂಪು ಗೌರಿ ಹೂ. ಇವೆಲ್ಲ ನನಗೆ ಗೊತ್ತಿದ್ದವೇ. ಆದರೆ ಬೇರೆಡೆ ಗೇಣುದ್ದಕ್ಕೆ ಬೆಳೆಯುವ ತುಂಬೆ ಇಲ್ಲಿ ಮೊಣಕಾಲೆತ್ತರ ಇತ್ತು. ಒಂದು ವರ್ಷ ಯಾರ ಬಾಯಿಗೂ ಸಿಗದ ಗಿಡ ಹೀಗೆ ಬೆಳೆಯುವುದನ್ನು ನಾನು ಎಂದೂ ಕಂಡಿರಲಿಲ್ಲ.

ನೆತ್ತಿ ಮುಟ್ಟಲು ಒಂದೂವರೆ ತಾಸು ಹಿಡಿಯಿತು. ಮೇಲೆ ಗಾಳಿ ಸೆರಗನ್ನು ನಿಲ್ಲಗೊಡಲಿಲ್ಲ. ನಾನು ನೆನೆಸಿದಂತೆ ಅಲ್ಲಿ ತಂಗಡಿ ಇರಲಿಲ್ಲ. ಊರಿಂದ ಕಂಡಿದ್ದು ನನ್ನ ಕಿರುಬೆರಳ ಉಗುರಿಗಿಂತ ಚಿಕ್ಕದಾದ, ದಾರದಂಥ ಕಾಂಡದ ಮೇಲೆ ತೂಗುವ ಒಂದು ಹಳದಿ ಹೂ, ಶಾಂತಾ ತಂದವುಗಳಲ್ಲಿ ನನಗೆ ಹೆಸರು ತಿಳಿಯದ ಇನ್ನೊಂದು. ಸಾವಿರ ಸಾವಿರ, ಏಣಿನ ಉದ್ದಕ್ಕೂ. ಗಾಳಿ ಬೀಸಿದಾಗ ಎಲ್ಲವೂ ಒಮ್ಮೆಗೇ ಒಂದು ಕಡೆ ವಾಲಿ ಮತ್ತೆ ಏಳುತ್ತಿದ್ದವು. ಬಂಡೆಯ ತಗ್ಗುಗಳಲ್ಲಿ ಮಳೆನೀರು ನಿಂತು ಇಂಗಿದ ಕಡೆ ನೇರಳೆ ಹೂ. ಗೇಣೆತ್ತರದ ಗಿಡ, ನಾಲ್ಕು ದಳ, ನಡುವೆ ಹಳದಿ ಕೇಸರ. ಒಂದು ತಗ್ಗಿನಲ್ಲಂತೂ ಕಾಲಿಡಲು ಜಾಗವಿರದಷ್ಟು. ನಾನು ಮಂಡಿಯೂರಿ ಕುಳಿತು ಎಷ್ಟು ಹೊತ್ತು ನೋಡಿದೆನೋ ತಿಳಿಯದು. ಎಲೆ ಹರಿದು ನಾಲಿಗೆಯ ತುದಿಗೆ ಮುಟ್ಟಿಸಿಕೊಂಡೆ. ಕಹಿ, ನೆಲಬೇವಿನಷ್ಟು ಕಹಿ.

ತಲೆಯೆತ್ತಿದಾಗ ಲಕ್ಕವ್ವ ಅದೇ ಹೂವನ್ನು ತುರುಬಿಗೆ ಸಿಕ್ಕಿಸಿಕೊಂಡು ಬಂಡೆಯ ಮೇಲೆ ಕುಳಿತಿದ್ದಳು. ಊರೆಲ್ಲ ಮುಟ್ಟಲು ಅಂಜುವ ಹೂ.

"ನಿನಗ ಅಂಜಿಕಿ ಆಗೂದಿಲ್ಲೇನು?" ಎಂದೆ.

ಆಕೆ ಕೈ ತಲೆಗೆ ಒಯ್ದು, "ತಿನ್ನೂದಿಲ್ಲಲ್ರಿ" ಎಂದಳು.

ನೆತ್ತಿಯ ಗುಂಟ ಪೂರ್ವಕ್ಕೆ ನಡೆದೆವು. ಅರ್ಧ ಮೈಲಿ ಹೋದ ಮೇಲೆ ಗುಡ್ಡ ಆಚೆಗೆ ಇಳಿಯುವಲ್ಲಿ ನಾನು ಗಕ್ಕನೆ ನಿಂತೆ. ಅಲ್ಲಿಯ ನೇರಳೆ ಗಿಡಗಳ ತುದಿಗಳೆಲ್ಲ ಮೇಯ್ದಂತೆ ತುಂಡಾಗಿದ್ದವು. ಬುಡದಲ್ಲಿ ಹಿಕ್ಕೆ, ಇನ್ನೂ ಹಸಿ. ಕೆಳಗೆ, ಆಚೆ ಮಗ್ಗುಲಿನ ಊರಿನ ಕಡೆ ಆಡಿನ ಹಿಂಡೊಂದು ಇಳಿಯುತ್ತಿತ್ತು; ಅವೇ ಬಂದು ಮೇಯ್ದು ಹೋಗಿದ್ದವು. ಒಂದು ಸಲವಲ್ಲ, ಒಣಗಿದ ಹಿಕ್ಕೆಯೂ ಬೇಕಾದಷ್ಟಿತ್ತು. ಸತ್ತ ಆಡಿನ ಎಲುಬಾಗಲಿ, ಹದ್ದಿನ ಗರಿಯಾಗಲಿ ಎಲ್ಲೂ ಇರಲಿಲ್ಲ. ನಾನು ಪತ್ರಿಕೆಯ ಹಾಳೆ ಬಿಚ್ಚಿ, ತುದಿ ತುಂಡಾದ ಗಿಡವೊಂದನ್ನು ಬೇರುಸಹಿತ ಕಿತ್ತೆ. ಹಿಂತಿರುಗಿ ನೋಡಿದರೆ ಲಕ್ಕವ್ವ ಪಾದದಿಂದ ಹಿಕ್ಕೆಯನ್ನು ಪೊದೆಯ ಕೆಳಗೆ ತಳ್ಳುತ್ತಿದ್ದಳು.

ಇಳಿಯುವಾಗ ಆಕೆ ಮುಂದೆ ನಡೆದಳು. ತಂಗಡಿ ಪೊದೆ ಕಾಣುವಷ್ಟು ಕೆಳಗೆ ಬಂದ ಮೇಲೆ ತುರುಬಿನ ಹೂ ತೆಗೆದು ಎಸೆದು, "ಅಕ್ಕಾರ, ಆಡಿನ ಸುದ್ದಿ ಮನ್ಯಾಗ ಹೇಳಬ್ಯಾಡ್ರಿ" ಎಂದಳು.

"ಯಾಕ?"

"ಸುಮ್ಮನ. ಹೇಳಬ್ಯಾಡ್ರಿ."

ನಾನು ಹೂಂ ಎಂದೂ ಅನ್ನಲಿಲ್ಲ, ಊಹೂಂ ಎಂದೂ ಅನ್ನಲಿಲ್ಲ. ಆಕೆ ಏನನ್ನೋ ಮುಚ್ಚಿಟ್ಟಿದ್ದಾಳೆಂದು ಗೊತ್ತಾಗಿತ್ತು. ನಾಚಿಕೆಯ ಸಂಗತಿಯೊಂದನ್ನು ಇಲ್ಲಿ ಬರೆದುಬಿಡುತ್ತೇನೆ. ಸುಮ್ಮನಿರುವುದು ನನಗೂ ಬೇಕಾಗಿತ್ತು. ಆ ಹೂ ವಿಷವಲ್ಲವೆಂದು ಗೊತ್ತಾದರೆ ವಾರದೊಳಗೆ ಊರಿನ ಕುರಿಯೆಲ್ಲ ನೆತ್ತಿಗೇರುತ್ತವೆ. ಬಾಯಿ ಮುಚ್ಚಿಕೊಂಡರೆ ಮುಂದಿನ ವರ್ಷವೂ ಬರಬಹುದು, ಇನ್ನೊಂದು ಹೊಸ ಗಿಡ ಸಿಗಬಹುದು. ಹೀಗೆ ಲೆಕ್ಕ ಹಾಕುತ್ತಲೇ ನಾನು ಮಾಳಪ್ಪನ ಅಂಗಳ ಮುಟ್ಟಿದೆ.

ಅವನು ಸಂಜೆಯತನಕ ಏನೂ ಕೇಳಲಿಲ್ಲ. ಮೇವಿಗೆಂದು ಮರಿಗಳನ್ನು ಎರಡು ಮೈಲಿ ಆಚೆಯ ಬೀಳಿಗೆ ಹೊಡೆದುಕೊಂಡು ಹೋಗಿ, ಕುಂಟುತ್ತ ಮರಳಿ ಬಂದ. ಲಕ್ಕವ್ವ ಜೋಳದ ರೊಟ್ಟಿ, ಪುಂಡಿಪಲ್ಯ, ಮೊಸರು ಬಡಿಸಿದಳು. ಉಂಡು ಕೈತೊಳೆದು ಕಟ್ಟೆಗೆ ಬಂದ ಮೇಲೆ ಮಾಳಪ್ಪ ನನ್ನ ಹಲಗೆಯ ಕಟ್ಟಿನ ಕಡೆ ಕೈ ತೋರಿಸಿದ.

"ಸಿಕ್ಕತೇನ್ರಿ ಆ ಹೂ?"

ಕಟ್ಟು ಬಿಚ್ಚಿ, ಬಾಡಿ ಮುಚ್ಚಿದ ನೇರಳೆ ಹೂ ತೋರಿಸಿದೆ. ಮುಟ್ಟದೆ, ಬಾಗಿ ನೋಡಿದ.

"ಇದರಾಗ ವಿಷ ಐತೇನ್ರಿ, ಅಕ್ಕಾರ? ನೀವು ಹೇಳಿದ್ರ ನಂಬ್ತೇನಿ."

ಲಕ್ಕವ್ವ ಬಾಗಿಲಲ್ಲಿ ನಿಂತಿದ್ದಳು. ಅವಳ ಮುಖ ನೋಡಲು ನನಗೆ ಧೈರ್ಯವಾಗಲಿಲ್ಲ. ಈ ಗಿಡ ನನ್ನ ಪುಸ್ತಕದಲ್ಲಿಲ್ಲ ಎಂದರೆ ಸುಳ್ಳಾಗುತ್ತಿರಲಿಲ್ಲ. ಅಷ್ಟು ಹೇಳಿ ಮುಗಿಸೋಣವೆಂದು ಬಾಯಿ ತೆರೆದೆ. ಅಷ್ಟರಲ್ಲಿ ಆಕೆಯೇ ಮಾತಾಡಿದಳು.

"ಅವರನ್ನ ಕೇಳಬ್ಯಾಡ್ರಿ, ಮಾವಾ. ಹೂವಿಂದೇನೂ ಇಲ್ಲ."

ಮಾಳಪ್ಪ ತಿರುಗಿದ.

"ಆವತ್ತು ನಾ ಗುಡ್ಡಕ್ಕ ಹೋಗಿದ್ದಿಲ್ಲ. ಕೆಳಗ ಹಾದ್ಯಾಗ ನಮ್ಮ ತವರೂರಿನ ಹೆಣ್ಮಗಳು ಸಿಕ್ಕಿದ್ಲು. ಅವ್ವಗ ಆರಾಮಿಲ್ಲ, ಹಾಸಿಗಿ ಹಿಡದಾಳ ಅಂದ್ಲು. ಕೇಳ್ಕೋತ ನಿಂತೆ. ತಿರುಗಿ ನೋಡೂದ್ರಾಗ ಕುರಿ ಜ್ವಾಳದ ಕೂಳಿಯೊಳಗ ಹೊಕ್ಕಿದ್ವು."

ಮುಂಗಾರಿ ಜೋಳ ಕೊಯ್ದ ಮೇಲೆ ಹೊಲದಲ್ಲಿ ಉಳಿಯುವ ಕೂಳೆ ಹಸಿಗೆ ಮತ್ತೆ ಚಿಗುರಿದರೆ, ಆ ಎಳೆ ಚಿಗುರು ದನಕುರಿಗೆ ವಿಷ. ಈ ಸೀಮೆಯ ಕುರಿಗಾರರ ಮಕ್ಕಳಿಗೆ ಇದನ್ನು ಯಾರೂ ಕಲಿಸಬೇಕಿಲ್ಲ, ಬುದ್ಧಿ ಬರುವಷ್ಟರಲ್ಲಿ ಗೊತ್ತಿರುತ್ತದೆ. ಲಕ್ಕವ್ವನಿಗೂ ಗೊತ್ತಿತ್ತು. ಅದಕ್ಕೇ ಹೇಳಲಾಗಿರಲಿಲ್ಲ.

"ಆವತ್ತ ಹೇಳಬೇಕಿಲ್ಲೇನು?" ಎಂದ ಮಾಳಪ್ಪ. ದನಿ ಏರಿರಲಿಲ್ಲ.

"ಅಂಜಿಕಿ ಬಂತು."

"ಮತ್ತ ಮರುದಿನ?"

"ಮರುದಿನ ಮುಂಜಾನೆದ್ದು ನೀವು ಊರಿಗೆಲ್ಲ ಹೇಳಿ ಬಂದಿದ್ರಿ."

ಅವನು ಮಂಡಿಯ ಬಟ್ಟೆ ಬಿಚ್ಚಿದ, ಬಾಡಿದ ಎಕ್ಕೆ ಎಲೆ ಎಸೆದ, ಬಟ್ಟೆಯನ್ನು ಮತ್ತೆ ಸುತ್ತತೊಡಗಿದ. ಒಂದು ವರ್ಷ ಆ ಕಾಲಿನ ಮೇಲೆ ದಿನಾಲು ನಾಲ್ಕು ಮೈಲಿ ಹೋಗಿ ಬಂದವನು.

"ಬೀರ್‍ಯಾಗ ಗೊತ್ತೈತೇನು?" ಎಂದು ಕೇಳಿದ.

"ಇಲ್ಲ."

"ಗಂಡ ಮೂರು ತಿಂಗಳು ಹೊಳಿದಂಡ್ಯಾಗ ಬಿದ್ದಾನ. ಆವಾಗರ ಬಾಯಿ ಬಿಡಬೇಕಿತ್ತವಾ" ಎಂದ. ಲಕ್ಕವ್ವ ಅತ್ತಳು. ಅವನು ಆಕೆಯನ್ನು ಸುಮ್ಮನಿರೆಂದೂ ಅನ್ನಲಿಲ್ಲ, ಬೈಯಲೂ ಇಲ್ಲ. ಇಬ್ಬರಲ್ಲಿ ಯಾರಿಗೆಂದು ತಿಳಿಯದಂತೆ ಹೇಳಿದ: "ಕುರಿ ಹೋದ್ರ ಮತ್ತ ಹುಟ್ತಾವು. ನಮ್ಮಪ್ಪನ ಹೆಗಲ ಮ್ಯಾಲೆ ಕುಂತು ಹತ್ತಿದ ಗುಡ್ಡ ಅದು. ಅದಽ ನಮಗ ಇಲ್ಲದಂಗಾತು ಅಂತ ವರ್ಸ ಆತು ಆ ಕಡೆ ಮಾರಿ ಮಾಡಿ ಕುಂತಿಲ್ಲ ನಾ." ಅಷ್ಟು ಹೇಳಿ ಕಟ್ಟೆಯ ಮೇಲೆ ಹೊರಳಿ ಕುಳಿತ, ಗುಡ್ಡಕ್ಕೆ ಮುಖಮಾಡಿ. ಮಬ್ಬಿನಲ್ಲಿ ಅದರ ಏಣು ಮಾತ್ರ ಕಾಣುತ್ತಿತ್ತು.

ಒಳಗೆ ಹೋಗುವ ಮುಂಚೆ ನನ್ನ ಕಡೆ ನೋಡಿ, "ಅಕ್ಕಾರ, ನಿಮಗ ಇನ್ನ ನೋಡೂದು ಉಳದೈತೇನ್ರಿ?" ಎಂದ.

"ಪಶ್ಚಿಮದ ಕಡೆ ನೋಡಿಲ್ರಿ."

"ನಾಳಿ ಒಂದಿನ ನೋಡ್ಕೋರಿ. ನಾಡದ ಕುರಿ ಏರಸ್ತೇನಿ."

ಒಂದು ವಾರ ಕೊಡಿರೆಂದು ಕೇಳುವ ಆಸೆ ನಾಲಿಗೆಯ ತುದಿಗೆ ಬಂದಿತ್ತು. ಕೇಳಲಿಲ್ಲ.

ಮರುದಿನ ಬೇಡವೆಂದರೂ ಮಾಳಪ್ಪ ನಮ್ಮ ಜೊತೆ ಹೊರಟ. ಹತ್ತು ಹೆಜ್ಜೆಗೊಮ್ಮೆ ಕೋಲೂರಿ ನಿಂತು, ಮೂರು ತಾಸಿಗೆ ನೆತ್ತಿ ಮುಟ್ಟಿದೆವು. ಅಲ್ಲಿ ನಿಂತು ಅವನು ನೋಡಿದ್ದು ಹೂವನ್ನಲ್ಲ, ಹುಲ್ಲನ್ನು. ಒಂದು ಹಿಡಿ ಕಿತ್ತು, ಬೆರಳಲ್ಲಿ ತಿಕ್ಕಿ, ಮೂಸಿದ. ಆಮೇಲೆ ನೇರಳೆ ಹೂವಿನ ತಗ್ಗಿನ ಹತ್ತಿರ ಹೋಗಿ ಕುಳಿತು ಒಂದು ದಳ ಮುಟ್ಟಿದ.

"ನಿನ್ನಿ ಬಾಡಿದ್ದು ನೋಡಿ ಗುರ್ತ ಸಿಕ್ಕಿದ್ದಿಲ್ಲ. ಸಣ್ಣವರಿದ್ದಾಗ ಇದಕ್ಕ ಸಂಜಿಗಣ್ಣ ಅಂತಿದ್ವಿ. ಹೊತ್ತು ಇಳಿದ ಕೂಡ್ಲೇ ಮುಚ್ಚತೈತಿ. ಅದನ್ನ ನೋಡಿ ಕುರಿ ತಿರುಗಸ್ತಿದ್ವಿ."

ನಾನು ಹಾಳೆಯ ಅಂಚಿನಲ್ಲಿ ಆ ಹೆಸರು ಬರೆದುಕೊಂಡೆ. 'ಕುರಿಮಾರಿ' ಎಂದು ಮೊದಲು ಬರೆದಿದ್ದನ್ನು ಹೊಡೆದುಹಾಕಿದೆ. ಪಶ್ಚಿಮದ ಕಡೆ ಇನ್ನೂ ನಾಲ್ಕು ಬಗೆ ಸಿಕ್ಕವು. ಬಿಳಿಯದೊಂದು ಬಂಡೆಯ ಬಿರುಕಿನಿಂದ ತಲೆ ಕೆಳಗಾಗಿ ತೂಗುತ್ತಿತ್ತು; ಲಕ್ಕವ್ವ ಹೊಟ್ಟೆಯ ಮೇಲೆ ಮಲಗಿ, ಕೈಚಾಚಿ ಅದನ್ನು ತೆಗೆದುಕೊಟ್ಟಳು. ನೀರು ನಿಲ್ಲುವ ಬಂಡೆ, ಮರಿಗಳು ಜಾರುವ ಇಳಿಜಾರು, ಬಿಸಿಲು ಹೆಚ್ಚಾದಾಗ ಹಿಂಡು ಕೂಡಿಸುವ ನೆರಳು, ಒಂದೊಂದನ್ನೂ ಮಾಳಪ್ಪ ಕೋಲಿನಿಂದ ತೋರಿಸಿದ, ಸೊಸೆ ಹೂಂ ಎನ್ನುತ್ತ ನಡೆದಳು. ಹೊರಡುವ ಮುಂಚೆ ನಾವು ಸಂಜೆಯಾಗುವುದನ್ನು ಕಾದೆವು. ಸೂರ್ಯ ಇಳಿಯುತ್ತಿದ್ದಂತೆ ತಗ್ಗಿನ ನೇರಳೆ ಬಣ್ಣ ಒಂದು ಕಡೆಯಿಂದ ಮಾಯವಾಗುತ್ತ ಬಂದು ಹಸಿರು ಮಾತ್ರ ಉಳಿಯಿತು. ಒಂದೇ ಒಂದು ಹೂ ಮುಚ್ಚುವುದನ್ನು ಮೊದಲಿಂದ ಕೊನೆಯತನಕ ನೋಡಬೇಕೆಂದು ಕುಳಿತಿದ್ದೆ. ಯಾವಾಗ ಮುಚ್ಚಿತೋ ನನ್ನ ಕಣ್ಣಿಗೆ ಸಿಗಲಿಲ್ಲ.

ನಾಲ್ಕನೆಯ ದಿನ ಬೆಳಗಿನ ಬಸ್ಸಿಗೆ ಹೊರಟೆ. ಲಕ್ಕವ್ವ ನಿಲ್ದಾಣದ ಅರ್ಧ ದಾರಿಯವರೆಗೆ ನನ್ನ ಹಲಗೆಯ ಕಟ್ಟು ಹೊತ್ತು ಬಂದಳು. ನಿಡಗುಂದಿಗೆ ಹೋಗುವ ಲಾರಿಯವನ ಕೂಡ ಬೀರಪ್ಪನಿಗೆ ಹೇಳಿ ಕಳಿಸಿದ್ದರಂತೆ.

"ಎರಡು ದಿನದಾಗ ಬರ್ತಾರ್ರಿ. ಬಂದ ಮ್ಯಾಲೆ ಏನಂತಾರೋ."

"ಏನಾರ ಅಂದ್ರ ಏನು ಮಾಡ್ತಿ?"

"ಅಂದದ್ದು ಕೇಳ್ಕೋತೇನ್ರಿ" ಎಂದು ಕಟ್ಟು ನನ್ನ ಕೈಗೆ ಕೊಟ್ಟು, ಸೆರಗು ಸಿಕ್ಕಿಸಿಕೊಂಡು, ಹಟ್ಟಿಯ ಕಡೆ ಲಗುಲಗು ಹೆಜ್ಜೆ ಹಾಕಿದಳು.

ಬಸ್ಸು ಎರಡು ತಾಸು ತಡವಾಯಿತು. ಅದು ಬಂದು, ಜನ ಹತ್ತಿ, ಡ್ರೈವರ್ ಚಹಾ ಮುಗಿಸುವಷ್ಟರಲ್ಲಿ ಗುಡ್ಡದ ಮಗ್ಗುಲಲ್ಲಿ, ನೆತ್ತಿಯ ಹತ್ತಿರ, ಒಂದು ಬೂದು ಗೆರೆ ಕಾಣಿಸಿಕೊಂಡಿತು. ಮೂವತ್ತು ಕುರಿ. ಅವುಗಳ ಹಿಂದೆ, ಬೇರೆ ಬೇರೆ ಕಡೆಯಿಂದ, ಇನ್ನೂ ಎರಡು ಹಿಂಡು ಏರುತ್ತಿದ್ದವು. ಆಗಲೇ ಊರಿಗೆ ಸುದ್ದಿ ಮುಟ್ಟಿತ್ತು. ಮುಂದೆ ಲಕ್ಕವ್ವನ ಕೆಂಪು ಸೀರೆಯ ಚುಕ್ಕೆ, ಹಿಂದೆ ಬಹಳ ದೂರದಲ್ಲಿ, ನಿಂತು ನಿಂತು ಏರುವ ಇನ್ನೊಂದು ಚುಕ್ಕೆ. ನೆತ್ತಿ ಮುಟ್ಟಿದ ಕುರಿಗಳು ಹಳದಿಯ ಮೇಲೆ ಹರಡಿಕೊಂಡವು. ನನಗೆ ಅಳು ಬರುತ್ತದೆಂದುಕೊಂಡಿದ್ದೆ, ಬರಲಿಲ್ಲ. ಅಷ್ಟು ದೂರಕ್ಕೆ ಕಾಣದೆಂದು ಗೊತ್ತಿದ್ದರೂ ಕಿಟಕಿಯಿಂದ ತಲೆ ಹೊರಹಾಕಿ, ಅವು ಸಂಜಿಗಣ್ಣಿಗೆ ಬಾಯಿ ಹಾಕುತ್ತವೋ ಇಲ್ಲವೋ ಎಂದು ನೋಡುತ್ತಿದ್ದೆ. ಅಷ್ಟು ಕಹಿ ಗಿಡವನ್ನು ಆಡು ತಿಂದರೂ ಕುರಿ ತಿನ್ನಲಾರದೇನೋ.

ಕಂಡಕ್ಟರ್ ಸೀಟಿ ಊದಿದ. ಬಸ್ಸು ಬಾಗೇವಾಡಿಯ ದಾರಿ ಹಿಡಿಯಿತು, ಬೇವಿನ ಸಾಲು ಅಡ್ಡ ಬಂತು. ಸಾಲು ಮುಗಿದ ಮೇಲೆ ಮತ್ತೆ ನೋಡಿದಾಗ ಕೆಂಪು ಚುಕ್ಕೆ ನೆತ್ತಿಯ ಮೇಲೆ ಕುಳಿತುಬಿಟ್ಟಿತ್ತು, ಹಿಂದಿನ ಚುಕ್ಕೆ ಇನ್ನೂ ಏರುತ್ತಿತ್ತು.